ಲೆಕ್ಕ ಸರಿ, ವಸ್ತು ತಪ್ಪು

ಪ್ರಶ್ನೆ: ಸರ್, ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಲು ಹೇಳಿದ್ದರು. ನಾನು ಎಚ್2 + ಓ2 → ಎಚ್2ಓ2 ಎಂದು ಬರೆದೆ. ಎರಡೂ ಕಡೆ ಲೆಕ್ಕ ಸರಿಯಾಗಿದೆ. ಆದರೂ ಸೊನ್ನೆ ಬಂತು, ಯಾಕೆ? ಕ್ರಿಯೆಗಳ ವಿಧಗಳೂ ನನಗೆ ಒಂದಕ್ಕೊಂದು ಕಲಸಿಹೋಗುತ್ತವೆ.
– ಹತ್ತನೇ ತರಗತಿ ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ತಂಗಿ, ನೀನು ಬರೆದದ್ದು ನೀರಲ್ಲ. ಎಚ್2ಓ2 ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ಬುರುಬುರು ನೊರೆ ಬರುತ್ತದಲ್ಲ, ಅದು. ಬಾಯಾರಿ ಬಂದವರಿಗೆ ಅದನ್ನು ಕೊಡೋಕಾಗುತ್ತಾ? ಸೂತ್ರದೊಳಗಿನ ಸಣ್ಣ ಅಂಕಿ ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ. ಮುಂದೆ ಹಾಕುವ ಅಂಕಿ ಮಾತ್ರ ನಿನ್ನ ಕೈಯಲ್ಲಿರುವುದು. ನೀರಿನ ಮುಂದೆ 2 ಹಾಕು. ಆಕ್ಸಿಜನ್ ಸರಿಹೋಯಿತು, ಆದರೆ ಹೈಡ್ರೋಜನ್ ನಾಲ್ಕಾಯಿತು. ಹಾಗಾಗಿ ಎಡಗಡೆ ಹೈಡ್ರೋಜನ್ ಮುಂದೆಯೂ 2. ಈಗ 2ಎಚ್2 + ಓ2 → 2ಎಚ್2ಓ. ಮುಗೀತು.

ಇನ್ನು ವಿಧಗಳು. ನನಗೆ ಅವು ತಲೆಗೆ ಹತ್ತಿದ್ದು ಸುಣ್ಣದಿಂದ. ನಮ್ಮ ಮನೆ ಕುಮಟಾ ಹತ್ತಿರ, ಅಘನಾಶಿನಿ ಹೊಳೆಯ ದಂಡೆಯಲ್ಲಿ. ಬಳಚು ಎಂಬ ಹೊಳೆಜೀವಿಯ ಚಿಪ್ಪಿ ಸುಣ್ಣದ ಭಟ್ಟಿಗೆ ಹೋಗುವುದನ್ನು ನೋಡುತ್ತಾ ಬೆಳೆದವನು ನಾನು. ಚಿಪ್ಪಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದು ಒಡೆದು ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಒಂದಿದ್ದದ್ದು ಎರಡಾಯಿತು, ಅದು ವಿಭಜನೆ. 100 ಕಿಲೋ ಶುದ್ಧ ಕಾರ್ಬೊನೇಟ್ ಸುಟ್ಟರೆ ಉಳಿಯುವುದು 56 ಕಿಲೋ ಮಾತ್ರ. ಮಿಕ್ಕ 44 ಕಿಲೋ ಅನಿಲವಾಗಿ ಗಾಳಿ ಸೇರುತ್ತದೆ. ಚಿಕ್ಕವನಿದ್ದಾಗ ನಾನು ಭಟ್ಟಿಯವನೇ ಕದಿಯುತ್ತಾನೆ ಅಂದುಕೊಂಡಿದ್ದೆ!

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿಯುತ್ತದೆ. (ದೂರ ನಿಂತು ನೋಡು, ಕಣ್ಣಿಗೆ ಹಾರಿದರೆ ಕಷ್ಟ.) ಎರಡು ಸೇರಿ ಒಂದಾಯಿತು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್; ಅದು ಸಂಯೋಗ.

ಉಳಿದೆರಡು ಶಿರಸಿಯ ಕಡೆ, ಮಾವನ ಅಡಿಕೆ ತೋಟದಲ್ಲಿ ಸಿಕ್ಕವು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಸುಣ್ಣದ ನೀರು ಸೇರಿದ ಕೂಡಲೇ ಸಲ್ಫೇಟ್ ತಾಮ್ರವನ್ನು ಬಿಟ್ಟು ಕ್ಯಾಲ್ಸಿಯಂ ಕಡೆ ಹೋಗುತ್ತದೆ, ಸುಣ್ಣದ ಹೈಡ್ರಾಕ್ಸೈಡ್ ತಾಮ್ರದ ಕಡೆ ಬರುತ್ತದೆ. ಇದು ದ್ವಿಸ್ಥಾನಪಲ್ಲಟ. ನಿಜವಾದ ಮದ್ದಿನೊಳಗಿನ ಕಥೆ ಇನ್ನೂ ಗೋಜಲು, ಪರೀಕ್ಷೆಗೆ ಇಷ್ಟು ಸಾಕು.

ಸುಣ್ಣ ಕಡಿಮೆ ಬಿದ್ದರೆ ಮೈಲುತುತ್ತ ಹಾಗೇ ಉಳಿದು ಬೆಳೆಯನ್ನು ಸುಡುತ್ತದೆ. ಅದಕ್ಕೇ ಮಾವ ಚೆನ್ನಾಗಿ ಉಜ್ಜಿದ ಕತ್ತಿಯನ್ನು ಮದ್ದಿಗೆ ಅದ್ದಿ ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿತೆಂದರೆ, ಕಬ್ಬಿಣ ತಾಮ್ರವನ್ನು ನೂಕಿ ಅದರ ಜಾಗದಲ್ಲಿ ತಾನು ಕೂತಿದೆ ಅಂತ ಅರ್ಥ. ಇದು ಸ್ಥಾನಪಲ್ಲಟ.

ಬಿಎಸ್ಸಿ ಓದುವಾಗ ಇದರ ಸಮೀಕರಣವನ್ನು ಬರೆದು ಜಂಬದಿಂದ ತೋರಿಸಿದೆ. ಮಾವ ಕಾಗದ ನೋಡಿ, "ಅದಿರಲಿ, ಇನ್ನೆಷ್ಟು ಸುಣ್ಣ ಹಾಕಬೇಕು ಹೇಳು" ಅಂದರು.