ಬೆಂಕಿರೋಗದ ಔಷಧಿಗೆ ಬಗ್ಗದ ಗರಿ ಒಣಗು

ಸರ್, ಹರಿಹರದ ಕಡೆ ನಿಮ್ಮ ಭತ್ತಕ್ಕೆ ಬೆಂಕಿರೋಗದ ಔಷಧಿ ಹೊಡೆದರೂ ಗರಿ ಅಂಚಿನಿಂದ ಒಣಗ್ತಿದೆ, ಒಳಗೆ ಏನಾಗ್ತಿದೆ ಅಂತ ಕೇಳಿದ್ರಿ. ಲಕ್ಷಣ ನೋಡಿದ್ರೆ ದುಂಡಾಣು ಅಂಗಮಾರಿ. ಬೆಂಕಿರೋಗ ಶಿಲೀಂಧ್ರದಿಂದ ಬರುತ್ತೆ, ಇದು ದುಂಡಾಣುವಿಂದ (ಬ್ಯಾಕ್ಟೀರಿಯಾ); ಹಾಗಾಗಿ ಶಿಲೀಂಧ್ರನಾಶಕ ಇದಕ್ಕೆ ನಾಟಲ್ಲ. ಈ ರೋಗ ತರೋ ಕ್ಸಾಂಥೋಮೊನಾಸ್ ಅನ್ನೋ ದುಂಡಾಣು ಸೂಜಿಯಂಥ ನಳಿಕೆಯಿಂದ ತನ್ನ ಪ್ರೋಟೀನುಗಳನ್ನು ಜೀವಕೋಶದೊಳಗೆ ಚುಚ್ಚುತ್ತೆ. ಆ ಪ್ರೋಟೀನುಗಳಲ್ಲಿ ಕೆಲವು, ಗಿಡದ ರಕ್ಷಣೆ ಅಡಗಿಸ್ತವೆ. ಟಾಲ್ ಅನ್ನೋ ಗುಂಪಿನವು ಸೀದಾ ಕೋಶಕೇಂದ್ರಕ್ಕೇ ಹೋಗಿ ಭತ್ತದ 'ಸ್ವೀಟ್' ಜೀನ್‌ಗಳನ್ನು ಚಾಲೂ ಮಾಡ್ತವೆ. ಸಕ್ಕರೆ ಕೋಶದಿಂದ ಹೊರಗೆ ಸೋರುತ್ತೆ, ದುಂಡಾಣು ಅದನ್ನೇ ತಿಂದು ಹೆಚ್ಚುತ್ತೆ. ಕಳ್ಳನಿಗೆ ಮನೆಯವರೇ ಕಣಜ ತೆಗೆದುಕೊಟ್ಟ ಹಾಗೆ! ಎಕ್ಸ್‌ಎ13 (ಒಂದು ಸ್ವೀಟ್ ಜೀನ್‌ನ ರೋಗನಿರೋಧಕ ರೂಪ) ಇರೋ ತಳಿಯಲ್ಲಿ ಆ ಜೀನ್‌ನ ಮುಂಭಾಗವೇ ಬದಲಾಗಿರೋದ್ರಿಂದ ಟಾಲ್‌ಗೆ ಹಿಡಿತ ಸಿಗಲ್ಲ. 2008ರ ಸುಧಾರಿತ ಸಾಂಬಾ ಮಸೂರಿಯಲ್ಲಿ ಅದಲ್ಲದೆ ಇನ್ನೆರಡು ನಿರೋಧಕ ಜೀನ್ ಇವೆ, ಮುಂದಿನ ಹಂಗಾಮಿಗೆ ವಿಚಾರಿಸಿ. ಸದ್ಯಕ್ಕೆ ಯೂರಿಯಾ ನಿಲ್ಲಿಸಿ, ಆ ಗದ್ದೆ ನೀರನ್ನು ಪಕ್ಕದ ಗದ್ದೆಗೆ ಬಿಡಬೇಡಿ.