ಮೊದಲ ಬಾಗಿಲ ಮುಚ್ಚಿಕೊಂಡು ಮಲಗು

ಈ ವಾರದ ಪತ್ರ ಕಪ್ಪತಗುಡ್ಡದ್ದು. ಬರದಾಕಿ ಒಂದು ಚಿಪ್ಪುಹಂದಿ, ಡೋಣಿ ಕಡೀ ಇಳಿಜಾರಿನ್ಯಾಗ ಒಬ್ಬಾಕಿನ ಇರ್ತಾಳ. ಯಾರರ "ಆರಾಮೇನವಾ" ಅಂದ್ರ ಸಾಕು, ಮೈ ತಾನ ಮುದುಡಿ ಉಂಡಿ ಆಗ್ತೈತಿ. ಗುಡ್ಡದ ಪ್ರಾಣಿಗಳೆಲ್ಲ ಕೂಡೂ ಸಭಾಕ್ಕ ಹೊಂಟು ಅರ್ಧಾ ಹಾದ್ಯಾಗಿಂದ ತಿರುಗಿ ಬರ್ತಾಳ. ಮಂದಿ ಸೊಕ್ಕಿನಾಕಿ ಅಂತಾರಂತ. ಧೈರ್ಯ ಹೆಂಗ ತಗೊಳ್ಳಲಿ ಅಂತ ಕೇಳ್ಯಾಳ.

ಧೈರ್ಯದ ಮಾತು ಆಮ್ಯಾಲ, ತಂಗಿ. ಪತ್ರದ ಕಡೀಕ, ಏನೂ ಅಲ್ಲದ ಸುದ್ದಿ ಅನ್ನೂಹಂಗ, ಒಂದು ಸಾಲು ತುರುಕೀದಿ: "ಮುಳ್ಳಹಂದಿ ಅಕ್ಕ ಹೇಳಿದ್ಲಂತ ಬಿಲಕ್ಕ ಮಣ್ಣು ಮುಚ್ಚೂದು ಬಿಟ್ಟೀನಿ. ಬಾಗಿಲ ತಗದಿಟ್ರ ಮಂದಿ ರೂಢಿ ಆಗ್ತೈತಂತ."

ರೋಗ ಅಲ್ಲೇ ಐತಿ ನೋಡು. ಬಿಲ ಹೊಕ್ಕು ಒಳಗಿಂದ ಮಣ್ಣು ಮುಚ್ಚಿ ಮಲಗೂದು ನಿಮ್ಮ ಕುಲದ ಪದ್ಧತಿ. ನಿನಗ ಹಲ್ಲಿಲ್ಲ, ಕಣ್ಣು ಮಂದ, ಹೊಟ್ಟಿ ಮ್ಯಾಲ ಚಿಪ್ಪಿಲ್ಲ. ಬಾಗಿಲ ತೆರದಿದ್ರ ಹಗಲೆಲ್ಲ ಮೂಗು ಕಾವಲ ಕೂಡಬೇಕು, ಕಿರುಬ ಬಂತೇನೋ, ನಾಯಿ ಬಂತೇನೋ ಅಂತ. ಗುಡ್ಡ 2019ರಾಗ ವನ್ಯಜೀವಿಧಾಮ ಆತು ಖರೆ, ನಾಯಿಗೆ ಆ ಬೋರ್ಡ್ ಓದಾಕ ಬರೂದಿಲ್ಲ. ಹಗಲ ನಿದ್ದಿಗೆಟ್ಟಾಕಿ ಸಂಜಿಗೆ ಎದ್ದು ಮೊಲದ ಸಪ್ಪಳಕ್ಕೂ ಮುದುಡಿದ್ರ ಅದರಾಗ ಏನು ವಿಚಿತ್ರ? ಒಂಟಿ ಇರೂದು ನಿನ್ನ ಹುಟ್ಟುಗುಣ, ಇರಲಿ. ಈ ನಡುಕ ಮಾತ್ರ ನಿದ್ದಿಗೇಡಿಂದು.

ಅಕ್ಕನ ಮ್ಯಾಲ ನನಗ ಸಿಟ್ಟು ಬಂದೈತಿ. ಆಕಿ ಬಿಲದಾಗ ಗಂಡ, ಮಕ್ಕಳು ತುಂಬ್ಯಾರ. ಹೆದರಿಕಿ ಆದ್ರ ಬಾಲದ ಮುಳ್ಳು ಗಲಗಲ ಅನಿಸಿ, ಹಿಂದ ಸರದು ಚುಚ್ಚತಾಳ. ತನ್ನ ಮೈಗೆ ಒಗ್ಗಿದ ಬುದ್ಧಿಮಾತು ಊರಿಗೆಲ್ಲ ಹಂಚೂವ್ರು ಗುಡ್ಡದಾಗೂ ಅದಾರ, ಗದಗ ಬಸ್‌ಸ್ಟ್ಯಾಂಡಿನ್ಯಾಗೂ ಅದಾರ. ಇನ್ನ ಆ ಸಭಾ ನಡು ಮಧ್ಯಾಹ್ನ ಅಂತಲ್ಲ! ನವಿಲಪ್ಪಗ ಅನುಕೂಲ ಆಗಿರಬೇಕು. ರಾತ್ರಿ ತಿರಗಾಡಾಕಿ ಅದಕ್ಯಾಕ ಹೋಗಬೇಕು?

ನೀ ಮಾಡೂದು ಒಂದ ಕೆಲಸ: ನಾಳೆ ಬೆಳಕ ಹರಿಯೂದ್ರೊಳಗ ಬಾಗಿಲ ಮುಚ್ಚು. ಬಿಲದ ಬಾಯಿಗೇ ಮುಚ್ಚಬ್ಯಾಡ, ಆಡು ಕಾಲಿಟ್ರೂ ಕುಸೀತೈತಿ. ನಿನ್ನ ಮೈಯುದ್ದ ಒಳಗ ಸರಿ. ಮ್ಯಾಲಿನ ಒಣಾ ಗರಸು ಕೂಡೂದಿಲ್ಲ, ಹಳ್ಳು ಜಾರಿ ಮ್ಯಾಲ ಕಿಂಡಿ ಬೀಳ್ತೈತಿ. ತಳದ ಹಸೀ ಮಣ್ಣು ಮುಂಗಾಲಿನ ಮೂರು ದೊಡ್ಡ ಉಗರಿಲೆ ಕೆದರಿ, ಹಿಂದಕ್ಕ ತಳ್ಳಿ, ಬೆನ್ನಿಲೆ ಒತ್ತಿ ಬಿಗಿ ಮಾಡು. ಆಮ್ಯಾಲ ಮೂಗಿನ ತುದಿ ಮಣ್ಣಿಗೆ ಹಚ್ಚಿ ನೋಡು. ಒಂದ ಕಡೆ ಗಾಳಿ ಸುಳೀತೋ, ಅಲ್ಲಿಗೆ ಇನ್ನೊಂದು ಹಿಡಿ ಮಣ್ಣು.

ಬರೂ ಹುಣ್ಣಿಮಿ ತನಕ ಹಿಂಗ ಮಲಗು. ಆಮ್ಯಾಲೂ ಯಾರನ್ನರ ಮಾತಾಡಸಬೇಕು ಅನಿಸಿದ್ರ ರಾತ್ರಿ ಹೋಗು, ಅವರ ಕಡಿಂದ ನಿನ್ನ ಕಡೆ ಗಾಳಿ ಬೀಸೂವಲ್ಲಿ ಕೂಡು. ಬಂದಾವ್ರು ಯಾರಂತ ಮೂಗಿಗೆ ಮೊದಲ ತಿಳಿದ್ರ ಮೈ ಅಷ್ಟು ಗಾಬರಿ ಬೀಳೂದಿಲ್ಲ. ಬಿದ್ದು ಮುದುಡಿದಿ ಅನ್ನು, ಮುದುಡು, ತಪ್ಪೇನೈತಿ? ವಾಸನಿ ತಿಳಿಯಾದ ಮ್ಯಾಲ ಬಿಚ್ಚಿಕೋ.

ಅಕ್ಕ ಹಗಲ ಬಂದು ಬಾಗಿಲ ಕೆದರಿದ್ರ ಮಣ್ಣು ತಗೀಬ್ಯಾಡ. ಮಾತಾಡೂದಿದ್ರ ಸಂಜಿಗೆ ಬರಲಿ.