ಹೆದರಿಕೆಯಿಂದ ಶಾಲೆಗೆ ಬಾರದ ಮಗುವಿಗೆ ಶಾಲೆಯವರು ಏನು ಮಾಡಬಹುದು?

ಸರ್, ನಿಮ್ಮ ಪ್ರಶ್ನೆ ಓದಿದೆ. ಹೊಸನಗರ ಕಡೆಯ ಪ್ರೌಢಶಾಲೆ, ಎಂಟನೇ ಕ್ಲಾಸಿನ ಹುಡುಗಿ, ಜುಲೈ ತಿಂಗಳ ಮಳೆ ರಜೆ ಮುಗಿದ ಮೇಲೆ ಶಾಲೆ ಕಡೆ ತಲೆ ಹಾಕಿಲ್ಲ. ಬೆಳಗ್ಗೆ ಎದ್ದರೆ ಹೊಟ್ಟೆನೋವು, ವಾಂತಿ. ಡಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ದಾರೆ. ಅಪ್ಪ ಎರಡೇಟು ಹಾಕಿಯೂ ನೋಡಿದ್ದಾರೆ. ಹೆಡ್‌ಮಾಸ್ಟರು "ಟಿಸಿ ತಗೊಂಡು ಹೋಗಲಿ ಬಿಡಿ" ಅನ್ನುತ್ತಿದ್ದಾರೆ, ಶಾಲೆಯಿಂದ ಬೇರೇನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮಲ್ಲಿ ಕೌನ್ಸೆಲರ್ ಅಂತ ಯಾರೂ ಇಲ್ಲ, ನಿಮ್ಮಲ್ಲೂ ಇರಲಿಕ್ಕಿಲ್ಲ. ಇಂಥ ಮಕ್ಕಳ ವಿಚಾರ ಬಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಾರೆ, ಅಷ್ಟೇ ನನ್ನ ಅರ್ಹತೆ.

ಮೊದಲು ಟಿಸಿ ವಿಚಾರ ಮುಗಿಸೋಣ. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಹೇಳುವುದು ಅದನ್ನೇ. 2019ರಲ್ಲಿ ತಿದ್ದುಪಡಿ ಆಗಿದ್ದು ಫೇಲ್ ಮಾಡುವ ವಿಚಾರಕ್ಕೆ, ಹೊರಹಾಕುವುದಕ್ಕಲ್ಲ. ಹೆಡ್‌ಮಾಸ್ಟರಿಗೆ ಇದನ್ನು ಜಗಳದ ಧಾಟಿಯಲ್ಲಿ ಹೇಳಬೇಡಿ, ಸುಮ್ನೆ ಗಮನಕ್ಕೆ ತನ್ನಿ. ಟಿಸಿ ಕೊಟ್ಟರೆ ಆಗುವುದಾದರೂ ಏನು? ಅದೇ ಹೆದರಿಕೆ ಹೊತ್ತುಕೊಂಡು ಇನ್ನೂ ಜಾಸ್ತಿ ಅಪರಿಚಿತರಿರುವ ಕಡೆ ಹೋಗಬೇಕು, ಅಷ್ಟೇ.

ಇದು ಚಕ್ಕರ್ ಹೊಡೆಯುವುದಾ, ಹೆದರಿಕೆಯಾ ಅನ್ನುವುದನ್ನು ಗುರುತಿಸುವುದು ಅಂಥಾ ಕಷ್ಟ ಅಲ್ಲ. ಚಕ್ಕರ್ ಹೊಡೆಯುವ ಹುಡುಗ ಮನೆಗೆ ಗೊತ್ತಾಗದ ಹಾಗೆ ಬಸ್ ಸ್ಟ್ಯಾಂಡಿನಲ್ಲೋ ಹೊಳೆ ಹತ್ತಿರವೋ ಇರುತ್ತಾನೆ, ಅವನಿಗೆ ಹೊಟ್ಟೆನೋವು ಬರುವುದಿಲ್ಲ. ಹೆದರಿದ ಮಗು ಮನೆಯಲ್ಲೇ ಇರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ. ಭಾನುವಾರ ಸಂಜೆಯಿಂದ ಮುಖ ಬಾಡುತ್ತದೆ, ರಜೆ ದಿನ ಚೆನ್ನಾಗಿ ಉಂಡು ಆಡಿಕೊಂಡಿರುತ್ತದೆ. ಶಾಲೆ ದಿನವಾದರೆ ಬಸ್ಸು ಹೋಗಿ ಸ್ವಲ್ಪ ಹೊತ್ತಿಗೆಲ್ಲ ನೋವು ಇಳಿಯುತ್ತದೆ. ಇದನ್ನು ನೋಡಿಯೇ ಮನೆಯವರು "ನಾಟಕ" ಅನ್ನುವುದು. ನಾಟಕ ಅಲ್ಲ ಸರ್. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಕಿವುಚುತ್ತದೆ, ತಿಂದಿದ್ದು ನಿಲ್ಲುವುದಿಲ್ಲ. ನೋವು ನಿಜವಾದದ್ದು, ಅದರ ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ. ಒಂದು ಸಲ ಸರಿಯಾಗಿ ಪರೀಕ್ಷೆ ಮಾಡಿಸಬೇಕು. ರಕ್ತ ಕಡಿಮೆ ಇದೆಯಾ, ಮೂತ್ರದ ಸೋಂಕಿದೆಯಾ, ಮುಟ್ಟಿನ ತೊಂದರೆ ಇದೆಯಾ ಅಂತ. ಆಮೇಲೂ ವಾರಕ್ಕೊಂದು ಸ್ಕ್ಯಾನ್, ವಾರಕ್ಕೊಬ್ಬ ಡಾಕ್ಟರು ಅಂತ ಅಲೆದರೆ ತನಗೆ ಏನೋ ದೊಡ್ಡ ಕಾಯಿಲೆ ಇದೆ ಅಂತ ಮಗುವಿಗೇ ಗಟ್ಟಿಯಾಗಿಬಿಡುತ್ತದೆ.

ಇದು ಹೇಗೆ ಬೆಳೆಯುತ್ತದೆ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅರ್ಥವಾಗಬೇಕು. ಬಸ್ಸು ಹತ್ತದೆ ಉಳಿದ ಕೂಡಲೇ ಹೆದರಿಕೆ ಸರ್ರನೆ ಇಳಿಯುತ್ತದೆ. ಆ ನೆಮ್ಮದಿಯೇ ಬಹುಮಾನ. ನಾಳೆ ಅದೇ ಬೇಕು ಅನಿಸುತ್ತದೆ, ಮೈ ಅದನ್ನು ಕಲಿತುಬಿಡುತ್ತದೆ. ಹಾಗಾಗಿ ಮನೆಯಲ್ಲಿ ಕಳೆದ ಒಂದೊಂದು ದಿನವೂ ಮರುದಿನವನ್ನು ಇನ್ನಷ್ಟು ಕಷ್ಟ ಮಾಡುತ್ತದೆ. "ಸ್ವಲ್ಪ ದಿನ ರೆಸ್ಟ್ ತಗೊಳ್ಳಲಿ, ಧೈರ್ಯ ಬಂದ ಮೇಲೆ ಬರಲಿ" ಅನ್ನುವ ಒಳ್ಳೆ ಮನಸ್ಸಿನವರ ಸಲಹೆ ನನಗೆ ಬೆತ್ತಕ್ಕಿಂತ ಜಾಸ್ತಿ ಭಯ ಹುಟ್ಟಿಸುತ್ತದೆ. ಧೈರ್ಯ ಮೊದಲು ಬರುವುದಿಲ್ಲ. ಹೆದರಿಕೊಂಡೇ ಒಂದಷ್ಟು ಹೊತ್ತು ಶಾಲೆಯಲ್ಲಿ ಇದ್ದರೆ ಆಮೇಲೆ ಬರುತ್ತದೆ. ಡಿಸೆಂಬರ್ ಬೆಳಗ್ಗೆ ಹೊಳೆಗೆ ಇಳಿದವರಿಗೆ ಗೊತ್ತಲ್ಲ, ಮೊದಲು ಜೀವ ಹೋದ ಹಾಗಾಗುತ್ತದೆ, ನಿಂತರೆ ಮೈ ಒಗ್ಗುತ್ತದೆ. ಹಾಗಂತ ಹಿಂದಿನಿಂದ ನೂಕಿದರೆ ಜನ್ಮದಲ್ಲಿ ಆ ಕಡೆ ಹೋಗುವುದಿಲ್ಲ. ಶಾಲೆ ಮಾಡಬೇಕಾದ್ದು ಮೆಟ್ಟಿಲು ಕಟ್ಟಿಕೊಡುವ ಕೆಲಸ.

ನೀವು ಮನೆಗೆ ಹೋದಾಗ "ಯಾಕೆ ಬರಲ್ಲ?" ಅಂತ ಕೇಳಬೇಡಿ. ಆ ವಯಸ್ಸಿನ ಮಕ್ಕಳಿಗೆ ಯಾಕೆ ಅಂತ ನಿಜಕ್ಕೂ ಗೊತ್ತಿರುವುದಿಲ್ಲ, "ಗೊತ್ತಿಲ್ಲ" ಅಂತಾರೆ, ನಮಗೆ ಸಿಟ್ಟು ಬರುತ್ತದೆ. ಬದಲಿಗೆ ಒಂದು ಹಾಳೆ ಕೊಟ್ಟು ಮನೆಯಿಂದ ಹೊರಟಲ್ಲಿಂದ ವಾಪಸ್ ಬರುವ ತನಕ ದಿನವನ್ನು ಸಾಲಾಗಿ ಬರೆಸಿ. ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟುವುದು, ಬಸ್ಸು, ಪ್ರಾರ್ಥನೆ, ಹಾಜರಿ, ಒಂದೊಂದು ಪೀರಿಯಡ್ಡು, ಬಿಸಿಯೂಟ, ಟಾಯ್ಲೆಟ್ಟು, ಆಟ. ಯಾವುದಕ್ಕೆ ಎಷ್ಟು ಹೆದರಿಕೆ, ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹಾಕು ಅನ್ನಿ. ಇಡೀ ಶಾಲೆ ಭಯ ಅಂದುಕೊಂಡಿದ್ದು ಅಲ್ಲಿ ಎರಡೋ ಮೂರೋ ಜಾಗಕ್ಕೆ ಇಳಿಯುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದುವುದು ಇರಬಹುದು. ಚಿಲಕ ಇಲ್ಲದ ಟಾಯ್ಲೆಟ್ ಇರಬಹುದು, ಅದೂ ಮುಟ್ಟಿನ ದಿನಗಳಲ್ಲಿ. ಊಟಕ್ಕೆ ಯಾರ ಪಕ್ಕ ಕೂರುವುದು ಅನ್ನುವುದು ಇರಬಹುದು. ನಮ್ಮ ಕಡೆ ಇನ್ನೊಂದು ಇದೆ. ಒಂಟಿ ಮನೆಯ ಮಗು ಏಳನೇ ಕ್ಲಾಸಿನ ತನಕ ಹತ್ತು-ಹದಿನೈದು ಮಕ್ಕಳ ಊರ ಶಾಲೆಯಲ್ಲಿ, ಒಬ್ಬರೋ ಇಬ್ಬರೋ ಟೀಚರ್ ಹತ್ತಿರ ಕಲಿತಿರುತ್ತದೆ. ಎಂಟಕ್ಕೆ ಬಂದರೆ ಕ್ಲಾಸ್ ತುಂಬಾ ಮಕ್ಕಳು, ಪೀರಿಯಡ್ಡಿಗೊಂದು ಮುಖ, ಬಸ್ಸಿನ ನೂಕುನುಗ್ಗಲು. ಜೂನ್ ಹೇಗೋ ಕಳೆಯುತ್ತದೆ, ಮಳೆ ರಜೆ ಬಂದು ಮನೆಯ ರುಚಿ ಹತ್ತಿದ ಮೇಲೆ ಮುರಿಯುತ್ತದೆ.

ಕ್ರಿಸ್ಟೋಫರ್ ಕಿಯರ್ನಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರು ಹೇಳುವ ಕಾರಣಗಳು ನಾಲ್ಕು. ಶಾಲೆಯಲ್ಲಿ ಆಗುವ ಸಂಕಟ ತಪ್ಪಿಸಿಕೊಳ್ಳುವುದು, ನಾಲ್ಕು ಜನರೆದುರು ಪರೀಕ್ಷೆಗೆ ಒಳಗಾಗುವುದನ್ನು ತಪ್ಪಿಸಿಕೊಳ್ಳುವುದು, ಮನೆಯವರ ಗಮನ ಬೇಕಾಗಿರುವುದು, ಮನೆಯಲ್ಲಿ ಶಾಲೆಗಿಂತ ಮಜಾ ಇರುವುದು. ಒಂದೇ ಮಗುವಿನಲ್ಲಿ ಎರಡು ಮೂರು ಸೇರಿರಬಹುದು. ಶುರುವಾಗಿದ್ದು ಹೆದರಿಕೆಯಿಂದ, ಉಳಿದಿದ್ದು ಮೊಬೈಲಿನಿಂದ ಅನ್ನುವುದು ತೀರಾ ಮಾಮೂಲಿ.

ಒಂದು ಎಚ್ಚರಿಕೆ. ಆ ಹಾಳೆಯಲ್ಲಿ ಬಸ್ಸಿನಲ್ಲಿ ಯಾರೋ ಮೈ ಮುಟ್ಟುತ್ತಾರೆ, ಯಾರೋ ಮೇಷ್ಟ್ರು ಹೀಗೆ ಮಾಡುತ್ತಾರೆ ಅನ್ನುವುದು ಬಂದರೆ ಮೆಟ್ಟಿಲುಗಿಟ್ಟಿಲು ಏನೂ ಇಲ್ಲ. ಅದು ಮಗು ಅಭ್ಯಾಸ ಮಾಡಿಕೊಳ್ಳಬೇಕಾದ ಹೆದರಿಕೆ ಅಲ್ಲ, ನಿಲ್ಲಿಸಬೇಕಾದ ಅಪರಾಧ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಾದವರು ತಿಳಿಸಲೇಬೇಕು ಅಂತಿದೆ, ಮಕ್ಕಳ ಸಹಾಯವಾಣಿ 1098 ಇದೆ. ಗೇಲಿ, ಜಾತಿ ಹಿಡಿದು ಚುಚ್ಚುವುದು, ಬೆತ್ತ ಇವುಗಳದ್ದೂ ಹಾಗೆಯೇ. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಮಗುವನ್ನು ಕರೆಯಿರಿ.

ಈಗ ಮೆಟ್ಟಿಲು. ಇಡೀ ದಿನ ಬರಬೇಕು ಇಲ್ಲದಿದ್ದರೆ ಬೇಡವೇ ಬೇಡ ಅನ್ನುವ ಹಟ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅಮ್ಮನ ಜೊತೆ ಬಂದು ಖಾಲಿ ಕ್ಲಾಸಿನಲ್ಲಿ ತನ್ನ ಬೆಂಚಿನ ಮೇಲೆ ಹತ್ತು ನಿಮಿಷ ಕೂತು ಹೋಗಲಿ. ಆಮೇಲೆ ಶಾಲೆ ನಡೆಯುವಾಗಲೇ ಲೈಬ್ರರಿಯಲ್ಲಿ ಒಂದು ಗಂಟೆ. ಆಮೇಲೆ ಅವಳು ಕಡಿಮೆ ನಂಬರ್ ಹಾಕಿದ ಒಂದು ಪೀರಿಯಡ್. ನನಗೆ ಕಂಡ ಹಾಗೆ ಕೊನೆಯ ಪೀರಿಯಡ್ಡಿನಿಂದ ಹಿಂದಕ್ಕೆ ಬರುವುದು ಸುಲಭ, ಯಾಕೆಂದರೆ ಎಲ್ಲರ ಜೊತೆ ಬೆಲ್ ಕೇಳಿಸಿಕೊಂಡು ಎಲ್ಲರ ಜೊತೆ ಮನೆಗೆ ಹೋಗುತ್ತಾಳೆ. ಮಧ್ಯದಲ್ಲಿ ಬ್ಯಾಗ್ ಹೊತ್ತುಕೊಂಡು ಹೊರಗೆ ನಡೆದರೆ ಕ್ಲಾಸಿನ ಕಣ್ಣೆಲ್ಲ ಅವಳ ಬೆನ್ನ ಮೇಲಿರುತ್ತದೆ. ಒಂದು ಮೆಟ್ಟಿಲು ಸಲೀಸಾದ ಮೇಲೆ ಇನ್ನೊಂದು. ಹೆದರಿಕೆ ಪೂರ್ತಿ ಹೋಗಲಿ ಅಂತ ಕಾಯಬೇಡಿ, ಅರ್ಧಕ್ಕೆ ಇಳಿದರೆ ಸಾಕು.

ಇಲ್ಲಿ ಮಲೆನಾಡಿನ ತಾಪತ್ರಯ ಶುರುವಾಗುತ್ತದೆ. ಪಟ್ಟಣದ ಸಲಹೆಗಳಲ್ಲಿ "ಅರ್ಧ ದಿನ ಕಳಿಸಿ" ಅಂತ ಇರುತ್ತದೆ, ನಮ್ಮಲ್ಲಿ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಅಮ್ಮ ಜೊತೆಗೆ ಬರಬೇಕೆಂದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿಗೆ, ನಿಮ್ಮ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸಾಗಿದ್ದರೆ ದಿನಾ ಟಿಕೆಟ್ ಕಾಸು, ಜೊತೆಗೆ ತೋಟದ ಕೂಲಿಯೂ ಹೋಯಿತು. ಹಾಗಾಗಿ ಅರ್ಧ ದಿನ ಆಗದಿದ್ದರೆ ಇಡೀ ದಿನ ಶಾಲೆಯ ಆವರಣದಲ್ಲಿ ಇರಲಿ, ಕ್ಲಾಸಿನಲ್ಲಿ ಮಾತ್ರ ಒಂದೊಂದೇ ಪೀರಿಯಡ್ ಜಾಸ್ತಿ ಮಾಡುತ್ತಾ ಹೋಗಿ. ಉಳಿದ ಹೊತ್ತಿಗೆ ಕೂರಲು ಒಂದು ಜಾಗ, ಒಬ್ಬ ಮನುಷ್ಯ ಬೇಕು. ಅದು ಟೀಚರೇ ಆಗಬೇಕಿಲ್ಲ. ನಮ್ಮಲ್ಲಿ ಒಬ್ಬ ಹುಡುಗನಿಗೆ ಲ್ಯಾಬಿನ ಬೀಕರು ತೊಳೆದಿಡುವ ಕೆಲಸ ಕೊಟ್ಟಿದ್ದೆ, ಆದರೆ ಅವನು ನಿಜವಾಗಿ ಒಗ್ಗಿಕೊಂಡಿದ್ದು ಬಿಸಿಯೂಟ ಮಾಡುವ ಅಕ್ಕನ ಹತ್ತಿರ. ಆಕೆ ಏನೂ ಕೇಳುತ್ತಿರಲಿಲ್ಲ. "ಬಂದ್ಯಾ ತಮ್ಮಾ, ಈ ಸೊಪ್ಪು ಸೋಸು" ಅನ್ನುತ್ತಿದ್ದರು. ನಾವು ಟ್ರೈನಿಂಗ್ ತಗೊಂಡವರು ಅಷ್ಟು ಸರಾಗವಾಗಿ ಮಾತಾಡುವುದಿಲ್ಲ.

ಹೆದರಿಕೆ ಉಕ್ಕಿದಾಗ ಕ್ಲಾಸಿನಿಂದ ಹೊರಗೆ ಬರಲು ಒಂದು ಸನ್ನೆ ಇಟ್ಟುಕೊಳ್ಳಿ, ಬೆಂಚಿನ ತುದಿಗೆ ಪೆನ್ ಇಟ್ಟರೆ ಸಾಕು ಅನ್ನುವಂಥದ್ದು. ಹತ್ತು ನಿಮಿಷ ಹೊರಗೆ ಕೂತು, ನೀರು ಕುಡಿದು, ನಿಧಾನಕ್ಕೆ ಉಸಿರು ಬಿಟ್ಟು ವಾಪಸ್ ಕ್ಲಾಸಿಗೆ. ಮನೆಗೆ ಫೋನ್ ಮಾಡಿ ಕರೆಸುವುದು ಮಾತ್ರ ಬೇಡ, ಜ್ವರ ಇದ್ದರೆ ಬೇರೆ ಮಾತು. ಹೆದರಿಕೆ ಎತ್ತರದಲ್ಲಿದ್ದಾಗ ಮನೆಗೆ ಕಳಿಸಿದರೆ ಹಿಂದಿನದೆಲ್ಲ ನೀರಲ್ಲಿ ಹೋಮ. ಗಟ್ಟಿಯಾಗಿ ಓದಿಸುವುದನ್ನು ಸದ್ಯಕ್ಕೆ ಬಿಡಿ, ಎಫ್‌ಎ ಪರೀಕ್ಷೆ (ವರ್ಷದ ನಡುವೆ ಬರುವ ಸಣ್ಣ ಪರೀಕ್ಷೆ) ಬಂದರೆ ಬೇರೆ ಕೋಣೆಯಲ್ಲಿ ಬರೆಸಿ. ಆದರೆ ಎಲ್ಲದರಿಂದಲೂ ವಿನಾಯಿತಿ ಕೊಟ್ಟು ಕೂರಿಸಬೇಡಿ. ಇಷ್ಟು ದಿನದ ನೋಟ್ಸ್ ಪೂರ್ತಿ ಬರಿ ಅಂತ ಯಾರಾದರೂ ಹೇಳಿದರೆ ಅವರ ಕೈಕಾಲು ಹಿಡಿದಾದರೂ ನಿಲ್ಲಿಸಿ.

ಇಷ್ಟೆಲ್ಲ ಪ್ಲಾನ್ ಮಾಡಿದ್ದು ಎಲ್ಲಿ ಮುರಿಯುತ್ತದೆ ಗೊತ್ತಾ? ಮಗು ವಾಪಸ್ ಬಂದ ಮೊದಲ ಐದು ನಿಮಿಷದಲ್ಲಿ. "ಓಹೋ, ಮಹಾರಾಣಿಯವರು ದಾರಿ ತಪ್ಪಿ ಬಂದಿರಾ?" ಅಂತ ಯಾರೋ ಒಬ್ಬರು ತಮಾಷೆಗೆ ಅಂದುಬಿಡುತ್ತಾರೆ, ಕ್ಲಾಸ್ ನಗುತ್ತದೆ, ಮುಗಿಯಿತು. ಚಪ್ಪಾಳೆ ಹೊಡೆಸಿ ಸ್ವಾಗತ ಮಾಡುವುದೂ ಅಷ್ಟೇ ಕೆಟ್ಟದ್ದು. "ಬಾ, ಕೂತ್ಕೋ, ನಲವತ್ತನೇ ಪುಟ" ಅಂದರೆ ಸಾಕು. ಇದನ್ನು ಪ್ರತಿಯೊಬ್ಬ ಟೀಚರಿಗೂ, ಪಿಇ ಮೇಷ್ಟ್ರಿಗೂ ಮುಂಚೆಯೇ ಹೇಳಿಡಬೇಕು. ಮಕ್ಕಳು ಕೇಳಿದರೆ ಏನು ಹೇಳಬೇಕು ಅಂತ ಅವಳನ್ನೇ ಕೇಳಿ, "ಹುಷಾರಿರಲಿಲ್ಲ" ಅನ್ನುವುದು ಸುಳ್ಳೇನಲ್ಲ.

ಮನೆಯವರ ಹತ್ತಿರ ಮಾತಾಡುವಾಗ ಅಪ್ಪ ಹೊಡೆದದ್ದಕ್ಕೆ ಪಾಠ ಮಾಡಲು ಹೋಗಬೇಡಿ, ಹೊಡೆದು ಏನೂ ಆಗಲಿಲ್ಲ ಅಂತ ಅವರಿಗೇ ಗೊತ್ತು. ಕೇಳಬೇಕಾದ್ದು ಎರಡು. ಶಾಲೆಯ ಹೊತ್ತಿನಲ್ಲಿ ಮನೆಯಲ್ಲಿದ್ದರೆ ಮೊಬೈಲ್, ಟಿವಿ ಇರಬಾರದು, ಶಿಕ್ಷೆಯ ಥರ ಅಲ್ಲ, ಸುಮ್ನೆ ಶಾಲೆಯ ಹೊತ್ತು ಅಂತ. ಬೆಳಗ್ಗೆ ಹೊರಡಿಸುವ ಕೆಲಸ ಮನೆಯಲ್ಲಿ ಯಾರ ದನಿ ಏರುವುದಿಲ್ಲವೋ ಅವರದ್ದಾಗಲಿ, ಅಜ್ಜ ಆದರೂ ಸರಿ, ಚಿಕ್ಕಪ್ಪ ಆದರೂ ಸರಿ. ದೃಷ್ಟಿ ತೆಗೆಸಿದ್ದಾರೆ, ತಾಯತ ಕಟ್ಟಿಸಿದ್ದಾರೆ ಅಂತ ಮೂಗು ಮುರಿಯಬೇಡಿ. ತಾಯತ ಕಟ್ಟಿಕೊಂಡೇ ಬಸ್ಸು ಹತ್ತಲಿ, ನಿಮಗೇನು ನಷ್ಟ?

ರಜೆಗಳ ಮೇಲೆ ಕಣ್ಣಿಡಿ. ಡಿಸಿ ಮಳೆ ರಜೆ ಕೊಟ್ಟಾಗ ಎಲ್ಲರಿಗೂ ಖುಷಿ, ಇಂಥ ಮಗುವಿಗೆ ಅದು ಎರಡು ಮೆಟ್ಟಿಲು ಕೆಳಗೆ ಜಾರಿದ ಹಾಗೆ. ರಜೆಯ ಕೊನೆಯ ಸಂಜೆ ನೀವೇ ಒಂದು ಫೋನ್ ಮಾಡಿ, ನೆಟ್‌ವರ್ಕ್ ಸಿಗದಿದ್ದರೆ ಪಕ್ಕದ ಮನೆಯ ಹುಡುಗರ ಹತ್ತಿರ ಹೇಳಿ ಕಳಿಸಿ. ನಾಳೆ ಯಾವ ಪೀರಿಯಡ್ಡಿಗೆ ಬರಬೇಕು, ಎಲ್ಲಿ ಕೂರಬೇಕು ಅಂತ ಮಾತ್ರ. ದಸರಾ ರಜೆಗೂ ಇದೇ ಲೆಕ್ಕ.

ಎರಡು ಮೂರು ವಾರ ಇಷ್ಟು ಮಾಡಿಯೂ ಒಂದು ಮೆಟ್ಟಿಲೂ ಏರದಿದ್ದರೆ, ಅಥವಾ ಮಗು ರಜೆ ದಿನವೂ ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ಡಾಕ್ಟರ್ ಬೇಕು. ಸಾಯುವ ಮಾತು ಬಂದರಂತೂ ಅವತ್ತೇ ಹೋಗಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಯಾವತ್ತು ಬರುತ್ತಾರೆ ಅಂತ ವಿಚಾರಿಸಿ. 14416 ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನೀವು ಟೀಚರಾಗಿಯೂ ಅಲ್ಲಿಗೆ ಫೋನ್ ಮಾಡಿ ಕೇಳಬಹುದು. "ಹುಚ್ಚಿನ ಡಾಕ್ಟರ್" ಅನ್ನುವ ಅಳುಕು ಇದ್ದೇ ಇರುತ್ತದೆ, ಆದರೂ ಹೆಸರಾಂತ ಮನೋವೈದ್ಯ ಡಾ. ಅಶೋಕ ಪೈ ಅವರಿದ್ದ ಜಿಲ್ಲೆ ನಮ್ಮದು, ಹಳೆ ತಲೆಮಾರಿನವರ ಹತ್ತಿರ ಆ ಹೆಸರು ತೆಗೆದರೆ ಮಾತು ಸ್ವಲ್ಪ ಸಲೀಸಾಗುತ್ತದೆ.

ಹೆಡ್‌ಮಾಸ್ಟರಿಗೆ ಒಂದೇ ಪುಟದಲ್ಲಿ ಬರೆದು ಕೊಡಿ. ಈ ವಾರ ಯಾವ ಮೆಟ್ಟಿಲು, ಬಂದಾಗ ಯಾರು ನೋಡಿಕೊಳ್ಳುತ್ತಾರೆ, ಹಾಜರಿ ಹೇಗೆ ಹಾಕುವುದು, ಮನೆಗೆ ಫೋನ್ ಯಾರದ್ದು. ಹಾಜರಿಯ ವಿಚಾರ ಸಿಆರ್‌ಪಿಗೂ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು) ಮೊದಲೇ ಹೇಳಿಡಿ, ಆಮೇಲೆ ಕಿರಿಕಿರಿ ಬೇಡ. ಹೆಡ್‌ಮಾಸ್ಟರುಗಳಿಗೆ ಸಾಮಾನ್ಯವಾಗಿ ತಲೆನೋವಾಗುವುದು ಮಗುವಲ್ಲ, ಮೇಲಿನವರು ಕೇಳಿದರೆ ಏನು ಹೇಳಲಿ ಅನ್ನುವುದು. ಕೈಯಲ್ಲೊಂದು ಕಾಗದ ಇದ್ದರೆ ಟಿಸಿ ಮಾತು ತಾನಾಗಿ ನಿಲ್ಲುತ್ತದೆ.

ನೀವು ಒಂದು ವಿಷಯ ಬರೆದಿಲ್ಲ. ಅವಳ ಊರಿನಿಂದ ಅದೇ ಬಸ್ಸಿನಲ್ಲಿ ಬರುವ ಬೇರೆ ಹುಡುಗಿಯರು ಯಾರಾದರೂ ಇದ್ದಾರಾ, ಏಳನೇ ಕ್ಲಾಸಿನ ತನಕ ಅವಳ ಜೊತೆ ಓದಿದವರು? ಇದ್ದರೆ ಯಾವ ಸೆಕ್ಷನ್ನಿನಲ್ಲಿ ಇದ್ದಾರೆ ಅಂತ ನೋಡಿ, ಬೇರೆ ಸೆಕ್ಷನ್ ಆಗಿದ್ದರೆ ಬದಲಾಯಿಸಲು ಆಗುತ್ತಾ ಅಂತ ನಾಳೆಯೇ ಕೇಳಿ. ಆಮೇಲೆ ಇಲ್ಲೇ ಕೆಳಗೆ ತಿಳಿಸಿ.